ಸ್ಲೋ ಮಾಡಿದ ಕೂಡಲೇ ಎಂಜಿನ್ ನಿಲ್ಲುವುದೇಕೆ? – ಹಾಯಿದೋಣಿಯ ಡೀಸೆಲ್ ಎಂಜಿನ್ನಿನಿಂದ ಒಂದು ವಿಜ್ಞಾನ ಪಾಠ

ಮಕ್ಕಳೇ, ಒಂದು ಹಾಯಿದೋಣಿ ಸಂಜೆ ಬಂದರಿಗೆ ಮರಳುತ್ತಿದೆ ಎಂದುಕೊಳ್ಳಿ. ಬಂದರಿನ ಬಾಯಿ ಕಿರಿದು, ಎರಡೂ ಕಡೆ ಕಲ್ಲಿನ ತಡೆಗೋಡೆ. ಹಾಯಿ ಇಳಿಸಿ ಎಂಜಿನ್ ಹಾಕಿದ್ದಾರೆ. ವೇಗ ತಗ್ಗಿಸಲು ಸ್ಲೋ ಮಾಡಿದ ಕೂಡಲೇ ಎಂಜಿನ್ ಎರಡು ಸಲ ಕೆಮ್ಮಿ ನಿಂತೇ ಹೋಯಿತು! ಈಗ ಗಾಳಿ, ಅಲೆ ಎರಡೂ ದೋಣಿಯನ್ನು ಕಲ್ಲಿನತ್ತ ತಳ್ಳುತ್ತವೆ. ಮೊದಲು ಲಂಗರು ಇಳಿಸಬೇಕು, ಕಾರಣ ಹುಡುಕುವುದು ಆಮೇಲೆ.

"ಹಾಯಿದೋಣಿಗೆ ಎಂಜಿನ್ ಯಾಕೆ ಸಾರ್?" ಎಂದು ನೀವು ಕೇಳಬಹುದು. ಗೋವಾದಲ್ಲಿ ಕಟ್ಟಿದ, ಮಹದಾಯಿ ನದಿಯ ಹೆಸರು ಹೊತ್ತ ನೌಕಾಪಡೆಯ ಹಾಯಿನೌಕೆಯಲ್ಲಿ ಅಭಿಲಾಷ್ ಟಾಮಿ 2012-13ರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಿ ಬಂದರು. ಗಾಳಿಗೆ ಅಷ್ಟು ಶಕ್ತಿಯಿದೆ. ಆದರೆ ಇಕ್ಕಟ್ಟಾದ ಬಂದರಿನೊಳಗೆ ಗಾಳಿ ನಾವು ಹೇಳಿದಂತೆ ಕೇಳುವುದಿಲ್ಲ. ಅಲ್ಲಿಗೆ ಚಿಕ್ಕ ಡೀಸೆಲ್ ಎಂಜಿನ್ ಬೇಕು. ಕಾಸರಗೋಡಿನ ಮೀನುದೋಣಿ, ಅದೋನಿಯ ಟ್ರ್ಯಾಕ್ಟರ್, ಜತ್ತದ ಹೊಲದ ಡೀಸೆಲ್ ಪಂಪ್‌ಸೆಟ್ ಇವೆಲ್ಲ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ.

ಕಿಡಿ ಇಲ್ಲದ ಬೆಂಕಿ

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಕೊಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಇಲ್ಲ. ಪಿಸ್ಟನ್ ಗಾಳಿಯನ್ನು ಅದರ ಗಾತ್ರದ ಹದಿನೈದು-ಇಪ್ಪತ್ತನೇ ಒಂದು ಭಾಗಕ್ಕೆ ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ವಾ? ಅದೇ ಕಾರಣಕ್ಕೆ ಇಲ್ಲಿನ ಗಾಳಿ ಸಾಮಾನ್ಯವಾಗಿ 500 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯುತ್ತದೆ. ಅದರೊಳಕ್ಕೆ ನೋಝಲ್ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದಾಗ ತಾನೇ ಹೊತ್ತಿಕೊಳ್ಳುತ್ತದೆ. ಅಂದರೆ ಬೇಕಾದದ್ದು ಮೂರು: ಸಾಕಷ್ಟು ಗಾಳಿ, ಸರಿಯಾದ ಸಂಪೀಡನ, ಶುದ್ಧ ಡೀಸೆಲ್.

ನಿಧಾನಗತಿಯಲ್ಲೇ ಏಕೆ ತೊಂದರೆ?

ಸ್ವಲ್ಪ ಲೆಕ್ಕ ಮಾಡೋಣ. ಸ್ಲೋ ವೇಗ ನಿಮಿಷಕ್ಕೆ 800 ಸುತ್ತು, ಕೆಲಸದ ವೇಗ 2400 ಸುತ್ತು ಎಂದಿರಲಿ.

1. *ಸಮಯ:* 800 ಸುತ್ತಿನಲ್ಲಿ ಒಂದು ಸುತ್ತಿಗೆ 0.075 ಸೆಕೆಂಡ್. ಸಂಪೀಡನಕ್ಕೆ ಅರ್ಧ ಸುತ್ತು, ಅಂದರೆ 0.0375 ಸೆಕೆಂಡ್. 2400 ಸುತ್ತಿನಲ್ಲಿ ಇದು 0.0125 ಸೆಕೆಂಡ್ ಮಾತ್ರ. ನಿಧಾನಗತಿಯಲ್ಲಿ ಶಾಖ ಸಿಲಿಂಡರಿನ ಗೋಡೆಗೆ ಹೋಗಲು, ಗಾಳಿ ಸವೆದ ರಿಂಗುಗಳ ಸಂದಿನಿಂದ ಸೋರಲು ಮೂರು ಪಟ್ಟು ಹೊತ್ತು ಸಿಗುತ್ತದೆ.

2. *ಇಂಧನ:* ಎರಡು ಸಿಲಿಂಡರಿನ ಎಂಜಿನ್ ಸ್ಲೋದಲ್ಲಿ ಗಂಟೆಗೆ ಅರ್ಧ ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ಉರಿಯುವುದರಿಂದ ಪ್ರತಿ ಸಿಲಿಂಡರಿನಲ್ಲಿ ಗಂಟೆಗೆ 24,000 ಸಲ ದಹನ, ಎರಡೂ ಸೇರಿ 48,000. 500 ಮಿ.ಲೀ.ಯನ್ನು ಭಾಗಿಸಿದರೆ ಒಂದು ಸಲಕ್ಕೆ ಸುಮಾರು 0.01 ಮಿ.ಲೀ. ಒಂದು ನೀರಿನ ಹನಿಯೇ ಸುಮಾರು 0.05 ಮಿ.ಲೀ. ಇರುತ್ತದೆ. ಹನಿಯ ಐದನೇ ಒಂದು ಭಾಗದಲ್ಲಿ ಒಂದು ಗುಳ್ಳೆ ಸೇರಿದರೆ ಉಳಿದದ್ದೇನು?

3. *ಚಲನಶಕ್ತಿ:* ಒಂದು ದಹನ ತಪ್ಪಿದರೆ ಮುಂದಿನದರವರೆಗೆ ಎಂಜಿನ್ನನ್ನು ತಿರುಗಿಸುವುದು ಫ್ಲೈವೀಲ್. ಅದರ ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಮೂರನೇ ಒಂದಾದರೆ ಶಕ್ತಿ ಒಂಬತ್ತನೇ ಒಂದು. ವೇಗದಲ್ಲಿ ಗೊತ್ತೇ ಆಗದ ಒಂದು ತಪ್ಪು ಇಲ್ಲಿ ಎಂಜಿನ್ನನ್ನೇ ನಿಲ್ಲಿಸುತ್ತದೆ.

ಚಟುವಟಿಕೆ: ಗುಳ್ಳೆಯ ಆಟ

ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ಗುಳ್ಳೆಯಿಲ್ಲದಂತೆ ನೀರು ತುಂಬಿ. ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಅದು ಒಳಗೆ ಹೋಗುವುದಿಲ್ಲ. ಈಗ ಸ್ವಲ್ಪ ಗಾಳಿ ಸೇರಿಸಿ ಒತ್ತಿ. ಸ್ಪ್ರಿಂಗಿನಂತೆ ಒಳಗೆ ಹೋಗಿ ಹಿಂದಕ್ಕೆ ಬರುತ್ತದೆ. ಇಂಜೆಕ್ಷನ್ ಪಂಪಿನಲ್ಲೂ ಹೀಗೇ. ಗುಳ್ಳೆ ಇದ್ದರೆ ಪಂಪಿನ ಶ್ರಮವೆಲ್ಲ ಅದನ್ನು ಕುಗ್ಗಿಸುವುದರಲ್ಲೇ ಮುಗಿದು ನೋಝಲ್ ತೆರೆಯುವಷ್ಟು ಒತ್ತಡ ಏಳುವುದಿಲ್ಲ. ಮೆಕ್ಯಾನಿಕ್‌ಗಳು "ಏರ್ ಹಿಡಿದಿದೆ" ಎನ್ನುವುದು ಇದಕ್ಕೇ.

ಕಾರಣ ಹುಡುಕುವ ಕ್ರಮ

ಬಹಳ ಜನ ಮೊದಲು ಮಾಡುವ ಕೆಲಸ, ಸ್ಲೋ ಸ್ಕ್ರೂ ತಿರುಗಿಸಿ ವೇಗ ಏರಿಸುವುದು. ಜ್ವರ ಬಂದಾಗ ಥರ್ಮಾಮೀಟರನ್ನೇ ಬಚ್ಚಿಟ್ಟ ಹಾಗೆ ಇದು! ಎಂಜಿನ್ ನಿಲ್ಲದಿರಬಹುದು, ಆದರೆ ರೋಗ ಒಳಗೇ ಉಳಿಯುತ್ತದೆ. ಸುಲಭದ, ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

*ಗೇರ್ ಹಾಕಿದಾಗ ಮಾತ್ರ ನಿಲ್ಲುತ್ತದೆಯೇ?* ನ್ಯೂಟ್ರಲ್‌ನಲ್ಲಿ ಚೆನ್ನಾಗಿ ಓಡಿ ಗೇರಿನಲ್ಲಿ ನಿಂತರೆ ಭಾರ ಹೆಚ್ಚಾಗಿದೆ ಎಂದರ್ಥ. ಪ್ರೊಪೆಲ್ಲರಿಗೆ ಹಗ್ಗವೋ ಬಲೆಯೋ ಸುತ್ತಿರಬಹುದು. ಎಂಜಿನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಶಾಫ್ಟನ್ನು ಕೈಯಿಂದ ತಿರುಗಿಸಿದರೆ ತಿಳಿಯುತ್ತದೆ.

*ಸ್ಟಾಪ್ ಕೇಬಲ್ ಪೂರ್ತಿ ಹಿಂದಕ್ಕೆ ಹೋಗಿದೆಯೇ?* ಉಪ್ಪುಗಾಳಿಗೆ ತುಕ್ಕು ಹಿಡಿದು ಅರ್ಧದಲ್ಲಿ ನಿಂತ ಕೇಬಲ್ ಡೀಸೆಲನ್ನು ಕಡಿಮೆ ಮಾಡುತ್ತಲೇ ಇರುತ್ತದೆ.

*ಸ್ವಲ್ಪ ಹೊತ್ತು ಓಡಿ, ಸೊರಗಿ ನಿಲ್ಲುತ್ತದೆಯೇ?* ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ಆಗ ಸರಿಯಾದರೆ ಟ್ಯಾಂಕಿನ ಉಸಿರುಕೊಳವೆ ಕಟ್ಟಿದೆ. ಗಾಳಿ ಒಳಗೆ ಬಾರದೆ ಟ್ಯಾಂಕಿನ ಒತ್ತಡ ಇಳಿದು ಡೀಸೆಲ್ ಮುಂದೆ ಹೋಗುತ್ತಿಲ್ಲ.

*ಫಿಲ್ಟರಿನ ಬಟ್ಟಲಿನಲ್ಲಿ ನೀರಿದೆಯೇ?* ಅರ್ಧ ತುಂಬಿದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ತೇವಾಂಶ ನೀರಾಗುತ್ತದೆ. ಡೀಸೆಲ್ಲಿನ ಸಾಂದ್ರತೆ ಸುಮಾರು 0.83, ನೀರಿನದು 1. ಆದ್ದರಿಂದ ನೀರು ತಳದಲ್ಲಿ ನಿಲ್ಲುತ್ತದೆ. ನೀರು-ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಕಡಲು ಕುಲುಕಿದಾಗ ಅದೆಲ್ಲ ಎದ್ದು ಫಿಲ್ಟರಿಗೆ ಬರುತ್ತದೆ. ನೀರು ಹೊರಬಿಟ್ಟು ಫಿಲ್ಟರ್ ಬದಲಿಸಬೇಕು.

*ಗಾಳಿ ಎಲ್ಲಿಂದ ಬರುತ್ತಿದೆ?* ಇದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಒತ್ತಡ ವಾತಾವರಣದ ಒತ್ತಡಕ್ಕಿಂತ ಕಡಿಮೆ. ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಕಣ್ಣಿಗೆ ಕಾಣದ ಸೋರಿಕೆ! ಅದಕ್ಕೆ ಒಂದು ಚಿಕ್ಕ ಡಬ್ಬಿಯಲ್ಲಿ ಶುದ್ಧ ಡೀಸೆಲ್ ತುಂಬಿ ಎಂಜಿನ್ನಿಗಿಂತ ಎತ್ತರಕ್ಕೆ ಕಟ್ಟಿ, ಅದರ ಪೈಪನ್ನು ನೇರ ಫೀಡ್ ಪಂಪಿಗೆ ಜೋಡಿಸಿ, ಏರ್ ತೆಗೆದು ಓಡಿಸುತ್ತಾರೆ. ಎಂಜಿನ್ ನಿಲ್ಲದೆ ಓಡಿದರೆ ದೋಷ ಟ್ಯಾಂಕಿನ ಕಡೆಗಿದೆ. ಆಗಲೂ ನಿಂತರೆ ದೋಷ ಪಂಪಿನಿಂದ ಈಚೆಗೆ, ಎಂಜಿನ್ನಿನಲ್ಲೇ ಇದೆ. ಒಂದೇ ಪರೀಕ್ಷೆಯಿಂದ ಅರ್ಧ ಸಂಶಯ ಹೋಯಿತು.

*ಹೊಗೆ ಏನು ಹೇಳುತ್ತದೆ?* ಬಿಳಿ ಹೊಗೆಗೆ ಡೀಸೆಲ್ಲಿನ ವಾಸನೆ ಇದ್ದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ. ನೋಝಲ್ ಕೆಟ್ಟಿರಬಹುದು ಅಥವಾ ಸಂಪೀಡನ ಕಡಿಮೆಯಾಗಿರಬಹುದು. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ.

ಎಲ್ಲವೂ ಸರಿಯಿದ್ದು, ನಿಜವಾಗಿಯೂ ಸ್ಲೋ ವೇಗ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇದ್ದರೆ, ಆಗ ಮಾತ್ರ ಸ್ಕ್ರೂ ಮುಟ್ಟಬೇಕು.

ಎಚ್ಚರಿಕೆ

ನೋಝಲಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ. ಹೊರಗೆ ಸೂಜಿಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ಹೊಗೆಯಿಂದ ಜೀವಕ್ಕೇ ಅಪಾಯ. ತಿರುಗುವ ಬೆಲ್ಟಿನ ಹತ್ತಿರ ಶಾಲು, ದುಪಟ್ಟಾ ಬೇಡ. ನೀವು ನೋಡಿ, ಕೇಳಿ, ಬರೆದುಕೊಳ್ಳಿ. ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೇ ಇರಲಿ.

ಯೋಚಿಸಿ, ಉತ್ತರಿಸಿ

1. ಒಂದು ಎಂಜಿನ್ ಸ್ಲೋದಲ್ಲಿ ಚೆನ್ನಾಗಿ ಓಡುತ್ತದೆ, ವೇಗ ಏರಿಸಿದರೆ ನಿಲ್ಲುತ್ತದೆ. ಫಿಲ್ಟರ್ ಕಟ್ಟಿರಬಹುದೇ? ಏಕೆ?
2. ಗಾಳಿಗೆ ದೋಣಿ ಒಂದು ಕಡೆ ವಾಲಿದಾಗ ಮಾತ್ರ ಎಂಜಿನ್ ನಿಲ್ಲುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಕಾಲು ಭಾಗ ಇದೆ. ಏನಾಗಿರಬಹುದು? ಚಿತ್ರ ಬರೆದು ವಿವರಿಸಿ.
3. ನಿಮ್ಮೂರಿನ ಪಂಪ್‌ಸೆಟ್ ಅಥವಾ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರನ್ನು ಕೇಳಿ: ಎಂಜಿನ್ ನಿಂತರೆ ಅವರು ಮೊದಲು ಏನು ನೋಡುತ್ತಾರೆ, ಏಕೆ? ಉತ್ತರವನ್ನು ತರಗತಿಯಲ್ಲಿ ಹಂಚಿಕೊಳ್ಳಿ.