ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶದ ಸುರಕ್ಷಿತ ಬಳಕೆ

ಗ್ರಾಮ ಪಂಚಾಯತಿ ಗಣಕಯಂತ್ರದ ದೋಷವನ್ನು ತಂತ್ರಜ್ಞರು ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದ ತಂತ್ರಾಂಶಗಳ ಮೂಲಕ ದೂರದಿಂದಲೇ ಸರಿಪಡಿಸುವುದುಂಟು. ಹೀಗೆ ಸಂಪರ್ಕ ಪಡೆದವರು ಪರದೆಯನ್ನು ನೋಡುವುದಷ್ಟೇ ಅಲ್ಲದೆ ಯಂತ್ರವನ್ನೂ ನಡೆಸಬಲ್ಲರು. ಆ ವೇಳೆ ಅಧ್ಯಕ್ಷರ ಹಾಗೂ ಪಿಡಿಒ ಅವರ ಡಿಜಿಟಲ್ ಸಹಿಯ ಡೋಂಗಲ್ ಯಂತ್ರದಲ್ಲೇ ಇದ್ದು, ಪಿನ್ ಸಹ ಬಯಲಾಗಿದ್ದಲ್ಲಿ ಪಂಚಾಯತಿ ನಿಧಿಗೆ ಅಪಾಯ ತಪ್ಪಿದ್ದಲ್ಲ. ಇಂತಹ ವಂಚನೆಯ ಕುರಿತು ಭಾರತೀಯ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಆದುದರಿಂದ ಕೆಳಕಂಡ ಕ್ರಮಗಳ ಪಾಲನೆಯನ್ನು ಸದಸ್ಯರು ಸಾಮಾನ್ಯ ಸಭೆಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಉಚಿತ.

1. ತಂತ್ರಾಂಶವನ್ನು ಅಧಿಕೃತ ಜಾಲತಾಣದಿಂದಲೇ ಪಡೆಯತಕ್ಕದ್ದು. ತಾವಾಗಿ ಕರೆ ಮಾಡುವ ಅಪರಿಚಿತರಿಗೆ ಸಂಪರ್ಕ ಸಂಖ್ಯೆಯನ್ನು ನೀಡಕೂಡದು.

2. ಸಂಪರ್ಕಕ್ಕೆ ಮುನ್ನ ಡೋಂಗಲ್ ತೆಗೆದಿರಿಸಬೇಕು. ಕೆಲಸ ಮುಗಿಯುವವರೆಗೆ ಸಿಬ್ಬಂದಿ ಪರದೆಯ ಮುಂದಿರಬೇಕು.

3. ಕಚೇರಿಯವರ ಒಪ್ಪಿಗೆಯಿಲ್ಲದೆ ಒಳಬರಲು ಅವಕಾಶವೀಯುವ ಸ್ಥಿರ ಪಾಸ್‌ವರ್ಡ್ ಇರಿಸಬಾರದು.

4. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ (ಪೋರ್ಟ್ 3389), ಲಿನಕ್ಸ್‌ನ ವಿಎನ್‌ಸಿ (ಪೋರ್ಟ್ 5900) ಅಂತರ್ಜಾಲಕ್ಕೆ ನೇರವಾಗಿ ತೆರೆದಿರಬಾರದು. ಅಗತ್ಯವಿದ್ದಲ್ಲಿ ವಿಪಿಎನ್ ಮೂಲಕವೇ ಬಳಸಬೇಕು.

5. ಪ್ರತಿ ಸಂಪರ್ಕದ ದಿನಾಂಕ, ವೇಳೆ ಹಾಗೂ ತಂತ್ರಜ್ಞರ ಹೆಸರನ್ನು ವಹಿಯಲ್ಲಿ ದಾಖಲಿಸಬೇಕು.

ವಂಚನೆಯ ಶಂಕೆ ಮೂಡಿದೊಡನೆ ಅಂತರ್ಜಾಲ ಸಂಪರ್ಕವನ್ನು ಕಡಿದು, ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ವಿಳಂಬವಿಲ್ಲದೆ ತಿಳಿಸತಕ್ಕದ್ದು.