ಅಗಿಯುವವರಿಗೂ ಅಂಗಡಿಯವರಿಗೂ: ಮಾಡಬೇಕಾದ್ದು, ಮಾಡಬಾರದ್ದು

ತುಮಕೂರು ನಗರ, ಗುಬ್ಬಿ, ಕುಣಿಗಲ್

"ಸಿಗರೇಟ್ ಮುಟ್ಟಲ್ಲ ಸಾರ್, ಬರೀ ಹಾಕ್ಕೊಳ್ಳೋದು" ಅನ್ನುವವರಿಗೆ ಈ ಸೂಚನೆ.

ಅಗಿಯುವವರೆಲ್ಲ ಒಂದು ದಿನ ಸೇದುತ್ತಾರೆ ಎಂದು ಹೆದರಿಸುವುದು ಸುಳ್ಳು. ಎಲೆಅಡಿಕೆ, ಹೊಗೆಸೊಪ್ಪಿನಲ್ಲೇ ಆಯುಸ್ಸು ಕಳೆದು, ಬೀಡಿ ಮುಟ್ಟದ ಅಜ್ಜಿಯರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಹುಡುಗರ ಮಾತು ಬೇರೆ. ನಿಕೋಟಿನ್ ಅಗಿಯುವುದರಲ್ಲೂ ಸೇದುವುದರಲ್ಲೂ ಒಂದೇ. ಅದರ ಚಟ ಹತ್ತಿದವನಿಗೆ ಸಿಗರೇಟು ಹೊಸದಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 16.3 ಮಂದಿ ಹೊಗೆಯಿಲ್ಲದ ತಂಬಾಕು ಬಳಸುವವರು, 8.8 ಮಂದಿ ಸೇದುವವರು, ಒಟ್ಟು 22.8. ಕೂಡಿ ಕಳೆದು ನೋಡಿ, ಎರಡೂ ಇರುವವರು ಎಷ್ಟೆಂದು ತಿಳಿಯುತ್ತದೆ.

ಮಾಡಬಾರದ್ದು

ಮಕ್ಕಳನ್ನು ಅಂಗಡಿಗೆ ಅಟ್ಟಬೇಡಿ. "ತಾತಂಗೆ ಕಡ್ಡಿಪುಡಿ ತಗೊಂಬಾ ಮಗಾ" ಎಂಬಲ್ಲಿಂದಲೇ ಪರಿಚಯ ಶುರು.

ಅಡಿಕೆ ಸುಲಿಯಲು ಬಂದ ಹುಡುಗರಿಗೆ ಕೂಲಿಯ ಜೊತೆ ಹೊಗೆಸೊಪ್ಪು ಕೊಡಬೇಡಿ. ಟೀ ಕೊಡಿ, ಸಾಕು.

ಹಲ್ಲುನೋವಿಗೆ ತಂಬಾಕಿನ ಪುಡಿ ಒತ್ತಬೇಡಿ.

ಜೋಡಿ ಪೊಟ್ಟಣ ಮಾರಬೇಡಿ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಬಂತು. ಬಸ್‌ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿ ಮುಂದೆ ಐದು ನಿಮಿಷ ನಿಂತರೆ ಕಾಣುತ್ತದೆ: ಹುಡುಗ ಎರಡನ್ನೂ ಹಲ್ಲಿನಿಂದ ಹರಿದು, ಒಂದನ್ನು ಇನ್ನೊಂದಕ್ಕೆ ಸುರಿದು, ಕುಲುಕಿ ಬಾಯಿಗೆ ಹಾಕುತ್ತಾನೆ. ಗುಟ್ಕಾ ಅಲ್ಲದೆ ಮತ್ತೇನು ಅದು? ಅದೇ ಪೊಟ್ಟಣದ ಮಾಲೆಯ ಪಕ್ಕ ಸಿಗರೇಟು ಪ್ಯಾಕು, ದಾರಕ್ಕೆ ಕಟ್ಟಿದ ಲೈಟರು. ಒಂದರಿಂದ ಇನ್ನೊಂದಕ್ಕೆ ಗೇಣು ದೂರ.

ಅಗಿಯುವುದು ಬಿಡಲು ಸಿಗರೇಟು ಹಿಡಿಯಬೇಡಿ, ಸಿಗರೇಟು ಬಿಡಲು ಖೈನಿ ಹಿಡಿಯಬೇಡಿ. ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿ ಕೆಲಸ ಮಾಡುವವರಿಗೆ ಇದು ವಿಶೇಷವಾಗಿ: ಒಳಗೆ ಸೇದುವಂತಿಲ್ಲವೆಂದು ಬಾಯಿಗೆ ಹಾಕಿಕೊಂಡು, ಹೊರಗೆ ಬಂದು ಸೇದಿದರೆ ಎರಡೂ ಉಳಿಯುತ್ತವೆ. ಸ್ವೀಡನ್ನಿನವರು ಸ್ನೂಸ್ ಎಂಬ, ತುಟಿಯೊಳಗಿಡುವ ತಂಬಾಕು ಹಿಡಿದು ಸಿಗರೇಟು ಬಿಟ್ಟರಂತೆ ಎಂದು ಮೊಬೈಲಿನಲ್ಲಿ ಓದಿದವರು ವಾದಕ್ಕೆ ಬರುತ್ತಾರೆ. ಆದರೆ ನಾವು ಅಗಿಯುವುದರಲ್ಲಿ ಸುಣ್ಣ, ಅಡಿಕೆ ಇರುತ್ತದೆ. ಸುಣ್ಣ ನಿಕೋಟಿನ್ನನ್ನು ಬೇಗ ರಕ್ತಕ್ಕಿಳಿಸುತ್ತದೆ. ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆದೇ ಮನೆ ಕಟ್ಟಿದ ಗುಬ್ಬಿ ಸೀಮೆಯಲ್ಲಿ ಈ ಮಾತು ಯಾರಿಗೂ ರುಚಿಸದು. ಆದರೂ ಬರೆಯದೆ ಇರಲಾಗದು.

ಮಾಡಬೇಕಾದ್ದು

ಅಂಗಡಿಯವರು ವಯಸ್ಸು ಕೇಳಲೇಬೇಕು. 2025ರಲ್ಲಿ ಬಂದ ರಾಜ್ಯದ ತಿದ್ದುಪಡಿಯಂತೆ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಸಿಗರೇಟನ್ನು ಬಿಡಿಯಾಗಿಯೂ ಮಾರುವಂತಿಲ್ಲ. "ಅಪ್ಪಂಗೆ" ಅಂದರೂ ಕೊಡಬೇಡಿ.

ಕುಣಿಗಲ್ ಹೆದ್ದಾರಿಯ ಡಾಬಾದವರು, ನಿದ್ದೆ ತಡೆಯಲು ಪೊಟ್ಟಣ ಕೇಳುವ ಲಾರಿ ಡ್ರೈವರಿಗೆ ಮಲಗಲು ಜಾಗ ತೋರಿಸಿ.

ಮನೆಯವರು ಮಗನ ಜೇಬು ತಡಕುವ ಮೊದಲು ತಮ್ಮ ಎಲೆಅಡಿಕೆ ತಟ್ಟೆಯಿಂದ ಹೊಗೆಸೊಪ್ಪು ತೆಗೆಯಿರಿ. ಸಿಕ್ಕಿಬಿದ್ದರೆ ಹೊಡೆಯಬೇಡಿ, "ಯಾವಾಗಿಂದ?" ಎಂದು ಕೇಳಿ.

ಅಗಿಯುವವರು ಕನ್ನಡಿ ಮುಂದೆ ಬಾಯಿ ತೆರೆದು ನೋಡಿಕೊಳ್ಳಿ. ಮೂರು ಬೆರಳು ನೆಟ್ಟಗೆ ಹೋಗದಿದ್ದರೆ, ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರವಾದರೂ ಹುಣ್ಣು ಮಾಯದಿದ್ದರೆ ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ತೋರಿಸಿ. ತುಮಕೂರಿನವರಿಗೆ ಅಗಳಕೋಟೆಯ ಶ್ರೀ ಸಿದ್ಧಾರ್ಥ ದಂತ ಕಾಲೇಜೂ ಇದೆ. ನೋವಿಲ್ಲವೆಂದು ಸುಮ್ಮನಿರಬೇಡಿ, ಮೊದಮೊದಲು ನೋವಿರುವುದಿಲ್ಲ.

ಬಿಡಬೇಕೆನಿಸಿದರೆ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ದಿನಕ್ಕೆ ಎಷ್ಟು ಪೊಟ್ಟಣ, ಎಷ್ಟು ಸಿಗರೇಟು ಎಂದು ಕೇಳಿದರೆ ಎರಡನ್ನೂ ಹೇಳಿ.