ಮೊದಲು ನೆಕ್ ನೋಡು

ಕೆ. ಹೊಸಕೋಟೆ

ಪ್ರೀತಿಯ ತಮ್ಮಾ,

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತರಲು ಬೆಂಗಳೂರಿಗೆ ಹೊರಟಿದ್ದೀಯಂತೆ, ಸಂತೋಷ. ಇದ್ದ ದುಡ್ಡಿನಲ್ಲಿ ಸಾಧಾರಣ ಹೊಸದನ್ನು ಕೊಳ್ಳುವ ಬದಲು ಚೆನ್ನಾಗಿರುವ ಹಳೆಯದನ್ನು ಹುಡುಕುವುದೇ ಸರಿ. ಆದರೆ ರಿಪೇರಿಯಾಗುವ ದೋಷ ಯಾವುದು, ಆಗದ್ದು ಯಾವುದು ಅಂತ ತಿಳಿದುಕೊಂಡು ಹೋಗು. ಆಗುವಂಥದ್ದಾದರೆ ಚೌಕಾಸಿ ಮಾಡು. ಆಗದ್ದಾದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಕೈಗೆ ಕೊಟ್ಟ ಕೂಡಲೇ ನುಡಿಸಲು ಕೂರಬೇಡ. ಹೆಡ್‌ಸ್ಟಾಕ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ಕಿನ ಎರಡೂ ಅಂಚುಗಳನ್ನು ನೋಡು. ತಂತಿಯ ಎಳೆತಕ್ಕೆ ಒಂಚೂರು ಬಾಗಿರುವುದು ಸಹಜ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿ. ಏಳನೇ ಫ್ರೆಟ್ಟಿನ ಹತ್ತಿರ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿದ್ದರೆ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ನೆಕ್ಕಿನೊಳಗಿನ ಟ್ರಸ್ ರಾಡ್ ತಿರುಗಿಸಿ ಸರಿಮಾಡಬಹುದು. ಆದರೆ ಆ ರಾಡಿನ ನಟ್ ತಿರುಗುತ್ತದೆಯೇ? ಮಾರುವವರ ಕೈಯಲ್ಲೇ ತಿರುಗಿಸಿ ತೋರಿಸಲು ಹೇಳು. ನಟ್ ಸವೆದಿದ್ದರೆ ಅಥವಾ ನೆಕ್ ತಿರುಚಿಕೊಂಡಿದ್ದರೆ ನಮಸ್ಕಾರ ಹೇಳಿ ಎದ್ದು ಬಾ. ಮೊದಲ ಮೂರು ಫ್ರೆಟ್ಟುಗಳಲ್ಲಿ ತಂತಿ ಕೊರೆದ ಗುಳಿ ಆಳವಾಗಿದ್ದರೂ ಯೋಚಿಸು. ಅಗ್ಗದ ಗಿಟಾರಿಗೆ ಹೊಸ ಫ್ರೆಟ್ ಕೂರಿಸುವ ಖರ್ಚು ಗಿಟಾರಿನ ಬೆಲೆಯನ್ನೇ ಮೀರೀತು.

ಫಿಂಗರ್‌ಬೋರ್ಡಿನ ಮರದ ಬಗ್ಗೆ ನಿನಗೆ ತಲೆ ಕೆಡಿಸುವವರು ಸಿಗುತ್ತಾರೆ. ಭಾರತದ ರೋಸ್‌ವುಡ್ ಅಂದರೆ ನಮ್ಮ ಕಾಫಿ ತೋಟಗಳಿಗೆ ನೆರಳಾಗಿ ನಿಂತಿರುವ ಬೀಟೆಯೇ. ಬ್ರೆಜಿಲಿನ ರೋಸ್‌ವುಡ್ ಸಿಗುವುದು ಕಷ್ಟವಾಗಿ ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬಂತು. 2017ರಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದಡಿ ಬೀಟೆಯ ವ್ಯಾಪಾರಕ್ಕೆ ಕಟ್ಟುಪಾಡು ಬಿದ್ದಾಗ ಫೆಂಡರ್‌ನವರು ಅಗ್ಗದ ಸ್ಕ್ವಾಯರ್ ಮಾದರಿಗಳಿಗೆ ಇಂಡಿಯನ್ ಲಾರೆಲ್ ಹಾಕತೊಡಗಿದರು. ಅದೂ ನಮ್ಮ ಕಾಡಿನ ಮತ್ತಿ ಮರವೇ. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಲಾರೆಲ್ ಇದೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ನೆಕ್ಕನ್ನು ಬಿಟ್ಟು ಬರಬೇಡ.

ಸೆಟಪ್ ಮಾಡಿಸುವುದಾದರೆ ಬೆಂಗಳೂರಿನಲ್ಲೇ ಅವಸರಪಡಬೇಡ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಹಾಕಿದ ಬಟ್ಟೆಯೇ ಒಣಗುವುದಿಲ್ಲ, ಮರವಂತೂ ತೇವ ಹೀರಿ ಉಬ್ಬುತ್ತದೆ. ಗಿಟಾರ್ ಮನೆಗೆ ಬಂದು ಎರಡು ಮೂರು ವಾರ ಕಳೆಯಲಿ, ಆಮೇಲೆ ಹೊಂದಿಸು. ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡು, ತೇವದ ಗೋಡೆಗೆ ತೂಗುಹಾಕಬೇಡ.

ವಾಲ್ಯೂಮ್ ಗುಂಡಿ ತಿರುಗಿಸಿದಾಗ ಕರಕರ ಅಂದರೆ ಹೆದರಬೇಡ, ಬಹುಪಾಲು ಕಾಂಟ್ಯಾಕ್ಟ್ ಕ್ಲೀನರಿಗೆ ಹೋಗುತ್ತದೆ. ತಂತಿ ಮುಟ್ಟಿದಾಗ ಗುಂಯ್ ಶಬ್ದ ಕಡಿಮೆಯಾದರೆ ಗಿಟಾರಿನ ಗ್ರೌಂಡ್ ಸರಿಯಿದೆ. ಕೈ ಜುಮ್ಮೆಂದರೆ ಮಾತ್ರ ತಕ್ಷಣ ಸ್ವಿಚ್ ಆರಿಸು. ಆಂಪ್ಲಿಫೈಯರ್ ಅಥವಾ ಮನೆಯ ಅರ್ಥಿಂಗ್ ಪರೀಕ್ಷಿಸದೆ ಮತ್ತೆ ಮುಟ್ಟಲೇಬೇಡ.

ಇನ್ನು ದನಿ ಬದಲಿಸುವ ಎಫೆಕ್ಟ್ ಪೆಡಲನ್ನೂ ಕೊಳ್ಳುವುದಾದರೆ, ಅದನ್ನು ನೋಡಲು ನೀನು ಕೊಂಡ ಗಿಟಾರನ್ನೇ, ನಿನ್ನದೇ ಕೇಬಲನ್ನೇ ಒಯ್ಯಿ. ಮೊದಲು ಪೆಡಲ್ ಆಫ್ ಇಟ್ಟು ಕೇಳು, ನೇರ ಸಂಪರ್ಕಕ್ಕಿಂತ ದನಿ ಮಂಕಾಗಿದೆಯೇ ಅಂತ. ಆಮೇಲೆ ಆನ್ ಮಾಡಿ, ಆಫ್ ಇದ್ದಾಗಿನಷ್ಟೇ ಸದ್ದಿಗೆ ಲೆವೆಲ್ ಇಳಿಸು. ಇದನ್ನು ಮರೆಯಲೇಬೇಡ, ಜೋರಾಗಿ ಕೇಳಿದ್ದೆಲ್ಲ ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಸಮ ಸದ್ದಿನಲ್ಲೂ ಹಿಡಿಸಿದರೆ ತಗೋ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ತುಳಿಸಿಕೊಂಡು ಬಣ್ಣ ಹೋಗಿದ್ದರೆ ಏನೂ ಆಗಿಲ್ಲ. ಬ್ಯಾಟರಿ ಮುಚ್ಚಳ ತೆಗೆದು ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿದಿದೆಯೇ ನೋಡು, ಜಾಕ್ ಅಲ್ಲಾಡಿಸಿ ದನಿ ಕಡಿದುಹೋಗುತ್ತದೆಯೇ ಕೇಳು.

ಅಡಾಪ್ಟರ್ ವಿಷಯ ಹುಷಾರು. ಬಾಸ್ ಕಂಪನಿಯದಂಥ ಬಹುತೇಕ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ನೆಗೆಟಿವ್. ಉಲ್ಟಾ ಕೊಟ್ಟರೆ ಸುಟ್ಟುಹೋಗಬಹುದು. ಅಮೆರಿಕದಿಂದ ತಂದದ್ದಾದರೆ ಅಡಾಪ್ಟರಿನ ಮೇಲೆ 120 ವೋಲ್ಟ್ ಅಂತ ಮಾತ್ರ ಬರೆದಿದೆಯೇ ನೋಡು, ನಮ್ಮದು 230. ಇನ್ನು ಹಳೆಯದೆಂದು ದುಬಾರಿ ಹೇಳಿದರೆ ನಂಬಿಬಿಡಬೇಡ. ಬಾಸ್ ಡಿಎಸ್-1 ಪೆಡಲ್ 1978ರಲ್ಲಿ ಬಂದದ್ದು, ಹೊಸದು ಈಗಲೂ ಸಿಗುತ್ತದೆ.

ಈ ಸಲ ಒಂದೇ ಪೆಡಲ್ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಕೇಬಲ್, ಎರಡು ಸೆಟ್ ತಂತಿ ತಗೋ. ಮಾರಿದವರಿಂದ ಸೀರಿಯಲ್ ನಂಬರ್ ಬರೆದ ಚೀಟಿಗೆ ಸಹಿ ಹಾಕಿಸಿಕೋ. ಕದ್ದ ಮಾಲಾದರೆ ಅವರು ಸಹಿಗೆ ಒಪ್ಪುವುದು ಕಷ್ಟ.

ಇಂತಿ,
ನಿನ್ನ ಅಣ್ಣ